ಅತ್ತೆಯ ಸವತಿ

ನಮ್ಮ ಮಾವನ ಬಳಿ ಒಂದು ಪುಟ್ಟ ರಿವಾಲ್ವರ್ ಇತ್ತು. ಅತ್ತೆ ಅದನ್ನು ಸವತಿ ಎಂದು ಕರೆಯುತ್ತಿದ್ದರು. ಹಾಗೆ ಕರೆಯುವುದರಲ್ಲಿ ತಪ್ಪೇನೂ ಇರಲಿಲ್ಲ. ಮಾವ ಅದನ್ನು ಮಲಗುವ ಕೋಣೆಯಲ್ಲೇ, ಹತ್ತಿಯಂಥ ಹಳದಿ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದರು. ಅತ್ತೆಯ ಕನ್ನಡಕ ಒರೆಸಲು ಅಂಥ ಬಟ್ಟೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ. ಭಾನುವಾರ ಬಂತೆಂದರೆ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಅದಕ್ಕೆ ಎಣ್ಣೆಸ್ನಾನ. ಅತ್ತೆಗೆ ಮೊಣಕಾಲು ನೋವೆಂದರೆ ಎಣ್ಣೆ ಶೀಸೆ ತೋರಿಸಿ, "ಅಲ್ಲೇ ಇದೆ, ಹಚ್ಕೋ" ಎನ್ನುವ ಮನುಷ್ಯ, ಸವತಿಯ ಒಂದೊಂದು ಸಂದಿಗೂ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು, ಈಗ ಹೇಗಿದೆ ಎಂದು ಕೇಳುವವರಂತೆ ತಿರುಗಿಸಿ ನೋಡುತ್ತಿದ್ದರು.

ಈ ಸ್ನಾನದ ಸಾಮಾನೆಲ್ಲ ನನ್ನದು. ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ನನ್ನ ಹತ್ತಿ, ನನ್ನ ಕಿವಿಕಡ್ಡಿ, ಕೂದಲಿಗೆ ಬಣ್ಣ ಹಚ್ಚುವ ನನ್ನ ಬ್ರಷ್ಷು ಎಲ್ಲವೂ ಭಾನುವಾರ ಕಾಲು ಬಂದಂತೆ ಊಟದ ಮೇಜಿಗೆ ಹೋಗುತ್ತಿದ್ದವು. ಕೇಳಿದರೆ, "ಅಂಗಡಿ ಬ್ರಷ್ ಗಡುಸು, ಗೀರು ಬೀಳತ್ತೆ ಕಣಮ್ಮಾ" ಎಂಬ ಉತ್ತರ. ನನ್ನ ಗಿರಾಕಿಗಳ ಹಣೆಯ ಬಗ್ಗೆ ಇಲ್ಲದ ಕಾಳಜಿ!

ಮಾವ ಜೈಲರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕೈದಿಗಳು ಸಿಗದೆ ನಮ್ಮಿಂದಲೇ ಕೆಲಸ ತೆಗೆಯುತ್ತಿದ್ದರು. ಯಾವನೋ ಒಬ್ಬ ಕೈದಿ, ಹೊರಗೆ ಬಂದಮೇಲೆ ನೋಡ್ಕೋತೀನಿ ಅಂದಿದ್ದನಂತೆ. ಅದಕ್ಕೇ ಲೈಸೆನ್ಸು ತೆಗೆದುಕೊಂಡು ಇದನ್ನು ಕೊಂಡರು. ಅವನು ಹೊರಗೆ ಬಂದ. ನಮ್ಮ ರಸ್ತೆಯ ತಿರುವಿನಲ್ಲೇ ಬೇಕರಿ ಇಟ್ಟ. ಮಾವ ಎದುರಿಗೆ ಸಿಕ್ಕರೆ ಬಿಸಿ ಬನ್ನು ಕಟ್ಟಿಕೊಟ್ಟು ಕಾಸು ಬೇಡವೆನ್ನುತ್ತಾನೆ. ಮಾವ ಆ ಬನ್ನನ್ನು ತಿಂದುಕೊಂಡೇ ಅವನಿಗಾಗಿ ರಿವಾಲ್ವರ್ ಉಜ್ಜುತ್ತಿದ್ದರು.

ಇಷ್ಟು ದಿನ ಇದೆಲ್ಲ ನಗೆಯ ವಿಷಯವೇ ಆಗಿತ್ತು. ಆದರೆ ಈಚೆಗೆ ಮಾವನಿಗೆ ಮರೆವು ಶುರುವಾಗಿತ್ತು. ಚಹಾ ಕುಡಿದು ಲೋಟ ಕೈಯಲ್ಲಿ ಹಿಡಿದುಕೊಂಡೇ, "ಈ ಮನೇಲಿ ಒಂದು ಲೋಟ ಚಹಾ ಕೊಡೋರು ಗತಿಯಿಲ್ಲ" ಎಂದು ಕೂಗಾಡುತ್ತಿದ್ದರು. ಒಂದು ಬೆಳಗ್ಗೆ ನನ್ನ ಫೇಸ್‌ಪ್ಯಾಕಿನಲ್ಲಿ ಹಲ್ಲುಜ್ಜಿ, ಪೇಸ್ಟಿನ ಕಂಪನಿಯವರು ಹಾಳಾಗಿ ಹೋದರು ಎಂದು ಬೈದರು. ಅವರ ಹಲ್ಲೇನೋ ಫಳಫಳ ಹೊಳೆಯುತ್ತಿತ್ತು. ನನಗೆ ಮಾತ್ರ ಸವತಿಯ ನೆನಪಾಯಿತು. ಪೇಸ್ಟು ಮರೆತರೆ ಬಾಯಿ ತೊಳೆದುಕೊಳ್ಳಬಹುದು. ಹಳದಿ ಬಟ್ಟೆಯಲ್ಲಿ ಮಲಗಿರುವವಳ ವಿಷಯದಲ್ಲಿ ಮರೆತರೆ ಏನು ತೊಳೆಯುವುದು?

ಅದು ಮನೆಯಿಂದ ಹೋಗಬೇಕು ಎಂಬುದಷ್ಟೇ ನನಗೆ ಬೇಕಾಗಿತ್ತು. ಲೈಸೆನ್ಸಿನ ಅವಧಿಯೂ ಮುಗಿಯುತ್ತ ಬಂದಿತ್ತು. ಸೋಮವಾರ ಠಾಣೆಗೆ ಒಯ್ದು ತೋರಿಸಿ ನವೀಕರಿಸಿಕೊಂಡರೆ ಇನ್ನಷ್ಟು ವರ್ಷ ನಮ್ಮ ತಲೆಯ ಮೇಲೆ. ಅಲ್ಲೇ ಒಪ್ಪಿಸಿಬಿಟ್ಟರೆ ನಿಶ್ಚಿಂತೆ. ಆದರೆ ಹಾಗೆಂದು ಮಾವನಿಗೆ ಹೇಳುವ ಎಂಟೆದೆ ಯಾರಿಗಿದೆ? ನನ್ನ ಗಂಡ ಬಸ್ ಕಂಡಕ್ಟರ್. ಇಡೀ ಬಸ್ಸನ್ನು "ಹಿಂದೆ ಹೋಗ್ರೀ" ಎಂದು ಗದರಿಸುವವನು ಅಪ್ಪನ ಎದುರು ತಾನೇ ಹಿಂದೆ ಹೋಗುತ್ತಾನೆ. "ನೀನೇ ಹೇಳು, ನಿನ್ನ ಮಾತು ಕೇಳ್ತಾರೆ" ಅಂದ. ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವವರು ಡ್ರೈಯರ್ ಕೆಳಗೆ ಕೂತ ಗಿರಾಕಿಗಳು ಮಾತ್ರ, ಅವರಿಗೂ ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಸ್ನಾನಕ್ಕೆ ಮಾವನದೇ ಒಂದು ಕಾನೂನಿತ್ತು. ಮೊದಲು ಗುಂಡಿನ ಉರುಳೆಯನ್ನು ಪಕ್ಕಕ್ಕೆ ತೆರೆದು ಒಂದೊಂದು ತೂತನ್ನೂ ತಾವು ನೋಡಬೇಕು. ಆಮೇಲೆ "ಖಾಲಿ?" ಎಂದು ಕೇಳಬೇಕು. ಇನ್ನೊಬ್ಬರು ಬಂದು ಇಣುಕಿ "ಖಾಲಿ" ಅನ್ನಬೇಕು. ಅದಾದ ಮೇಲೆಯೇ ಮುಚ್ಚಿ, ಜನರಿಲ್ಲದ ಗೋಡೆಯ ಕಡೆ ತಿರುಗಿಸಿ, ಟ್ರಿಗರ್ ಎಳೆದು ಟಕ್ಕೆನ್ನುವ ಸದ್ದು ಕೇಳಿ, ಎಣ್ಣೆ ಎಲ್ಲಿಗೆ ಬೇಕೆಂದು ತೀರ್ಮಾನಿಸುವುದು. ಜೈಲಿನಲ್ಲಿ ಬೀಗ ಹಾಕುವುದಕ್ಕೂ ಇದೇ ಕ್ರಮವಂತೆ, ಹಾಕುವವನೊಬ್ಬ, ಎಳೆದು ನೋಡುವವನೊಬ್ಬ.

ಈ ಎರಡನೆಯವರ ಕೆಲಸ ಅದನ್ನು ಕೊಂಡಾಗಿನಿಂದ ಅತ್ತೆಯದು. ಮೊದಮೊದಲು ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ನೋಡುತ್ತಿದ್ದರಂತೆ. ಆಮೇಲೆ ಅಡುಗೆಮನೆಯ ಬಾಗಿಲಿನವರೆಗೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಒಲೆಯ ಮುಂದಿನಿಂದಲೇ, ತಲೆಯನ್ನೂ ತಿರುಗಿಸದೆ, ತರಕಾರಿಯವನಿಗೆ ಇವತ್ತು ಬೇಡಪ್ಪ ಅನ್ನುವ ಧಾಟಿಯಲ್ಲಿ "ಖಾಲಿ, ಖಾಲಿ" ಅನ್ನುತ್ತಿದ್ದರು. ಮಾವನಿಗೂ ಅಷ್ಟು ಸಾಕಾಗಿತ್ತು. ಹೇಗೂ ಅವರು ತಪ್ಪದೆ ಮೊದಲು ನೋಡುತ್ತಿದ್ದರಲ್ಲ.

ಆ ಭಾನುವಾರ ಮಾವ ಭಾರೀ ಉತ್ಸಾಹದಲ್ಲಿದ್ದರು. ಮರುದಿನ ಠಾಣೆಯಲ್ಲಿ ತೋರಿಸಬೇಕು, ಹೆಣ್ಣು ತೋರಿಸುವವರ ಸಂಭ್ರಮ. ನಾನು ಎದುರಿಗೆ ಕೂತು ಹತ್ತಿ ಹರಿದು ಉಂಡೆ ಮಾಡುತ್ತಿದ್ದೆ. ಗಂಡ ಬಚ್ಚಲಲ್ಲಿದ್ದ. ಚಹಾಕ್ಕೆ ನೀರಿಟ್ಟಿದ್ದ ಅತ್ತೆಯನ್ನು ನಾನೇ ಕೂಗಿ ಕೇಳಿದೆ, "ಅತ್ತೆ, ಸಕ್ಕರೆ ಇದೆಯಾ?"

ಅದೇ ಹೊತ್ತಿಗೆ ಮಾವ ಹಳದಿ ಬಟ್ಟೆ ಬಿಚ್ಚಿ ರಿವಾಲ್ವರನ್ನು ಎತ್ತಿಕೊಂಡು, ತೆರೆಯದೆ, ಇದ್ದ ಹಾಗೆಯೇ, "ಖಾಲಿ?" ಅಂದರು.

"ಖಾಲಿ" ಅಂದರು ಅತ್ತೆ, ಸಕ್ಕರೆ ಡಬ್ಬದ ಒಳಗೆ ನೋಡುತ್ತ.

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯೇ ಸಿಡಿದ ಹಾಗೆ ಸದ್ದಾಯಿತು. ಗೋಡೆಗೆ ಒರಗಿದ್ದ ಕಬ್ಬಿಣದ ಬೀರುವಿನ ಬಾಗಿಲಲ್ಲಿ ಒಂದು ತೂತು. ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಅತ್ತೆ ಡಬ್ಬ ಹಿಡಿದುಕೊಂಡೇ ಓಡಿ ಬಂದು ಮೊದಲು ನನ್ನ ಮೈ ಮುಟ್ಟಿ ನೋಡಿದರು, ಆಮೇಲೆ ಮಾವನ ಮೈ. ಬಚ್ಚಲಿನಿಂದ ನನ್ನ ಗಂಡ, "ಕುಕ್ಕರ್ ಏನಾದ್ರೂ ಹಾರ್ತಾ?" ಎಂದು ಕೇಳಿದ. ಬಾಗಿಲು ಮಾತ್ರ ತೆರೆಯಲಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. ಬೀರುವಿನಲ್ಲಿ ಅತ್ತೆ ನೆಂಟರಿಗೆಂದು ಎತ್ತಿಟ್ಟಿದ್ದ ಹೊಸ ಹೊದಿಕೆಯ ಮಡಿಕೆಗಳಲ್ಲಿ ಗುಂಡು ಸಿಕ್ಕಿಕೊಂಡಿತ್ತು. ಬಿಡಿಸಿ ನೋಡಿದರೆ ಹೊದಿಕೆಯ ತುಂಬ ಸಾಲಾಗಿ, ಅಂದವಾಗಿ ತೂತುಗಳು. ಅಂಥ ಕಸೂತಿಯನ್ನು ನಾನು ಅಂಗಡಿಗಳಲ್ಲೂ ನೋಡಿಲ್ಲ. ನಗು ಬಂತು, ನಗುವುದಕ್ಕೆ ಹೋದರೆ ಅಳು ಬಂತು. ಎದುರಿಗೆ ಕೂತವಳು ನಾನು, ಮಾವನ ಮಣಿಕಟ್ಟು ಒಂದಿಷ್ಟು ಈ ಕಡೆ ತಿರುಗಿದ್ದರೆ ಎಂದು ನೆನೆದು ನಿಜವಾಗಿ ಹೆದರಿದ್ದೆ.

ಮಾವ ಸುಧಾರಿಸಿಕೊಂಡವರೇ ಜೈಲರ್ ಆದರು. ಅತ್ತೆಯನ್ನು ಎದುರಿಗೆ ನಿಲ್ಲಿಸಿಕೊಂಡು ಶುರು ಮಾಡಿದರು. "ಏನೇ, ಕಣ್ಣು ಎಲ್ಲಿಟ್ಟಿದ್ದೆ? ನೋಡದೇನೇ ಖಾಲಿ ಅಂದ್ಯಲ್ಲ. ನಿನ್ನ ಮಾತು ನಂಬಿ ಎಳೆದೆ. ಒಂದು ಜೀವ ಹೋಗಿದ್ರೆ ಯಾರು ಹೊಣೆ?"

"ನನ್ನದೇ ತಪ್ಪು. ನೋಡ್ಬೇಕಾಗಿತ್ತು" ಅಂದರು ಅತ್ತೆ.

ನನಗೆ ಆಶ್ಚರ್ಯವಾಯಿತು. ಉಪ್ಪು ಜಾಸ್ತಿಯಾಗಿದೆ ಅಂದರೆ ಉಪ್ಪು ಮಾಡಿದವನನ್ನು ಕೇಳಿ ಅನ್ನುವ ಹೆಂಗಸು ಅದು. "ಅತ್ತೆ, ನೀವು ಸಕ್ಕರೆ ಡಬ್ಬಕ್ಕೆ ಖಾಲಿ ಅಂದಿದ್ದು" ಅಂದೆ. ಅವರು ನನ್ನ ಕಡೆ ಕಣ್ಣು ಬಿಟ್ಟರು. ಆ ಬೆದರಿಕೆ ನನಗೆ ಅರ್ಥವಾಯಿತು. ಮಾವನ ಮರೆವು ನನಗಿಂತ ಮುಂಚೆ ಅವರಿಗೆ ಗೊತ್ತಿತ್ತು. ಅದು ಮಾವನಿಗೆ ಗೊತ್ತಾಗುವುದು ಮಾತ್ರ ಅವರಿಗೆ ಬೇಡವಾಗಿತ್ತು.

ಮಾವ ಹಗುರಾದರು. ಉರುಳೆ ತೆರೆದು ಸುಟ್ಟ ಗುಂಡಿನ ತೋಟೆಯನ್ನು ಬೀಳಿಸಿದರು, ಕಡ್ಡಿಗೆ ಬಟ್ಟೆ ಸಿಕ್ಕಿಸಿ ನಳಿಗೆಯ ಮಸಿ ತೆಗೆಯುತ್ತ, ನಾಳೆ ಠಾಣೆಗೆ ಎಷ್ಟು ಗಂಟೆಗೆ ಹೋಗುವುದೆಂದು ಲೆಕ್ಕ ಹಾಕತೊಡಗಿದರು. ಇದರೊಳಗೆ ತೋಟೆ ಹೇಗೆ ಬಂತು ಎಂದು ಒಮ್ಮೆಯೂ ಕೇಳಲಿಲ್ಲ. ಅವರೊಬ್ಬರನ್ನು ಬಿಟ್ಟು ಅದನ್ನು ಮುಟ್ಟುವವರು ಮನೆಯಲ್ಲಿ ಯಾರೂ ಇಲ್ಲ. ಕೊನೆಗೆ ಕೈ ನಿಲ್ಲಿಸಿ, ನನ್ನ ಕಡೆ ನೋಡಿ, ಇದ್ದಕ್ಕಿದ್ದಂತೆ ಮೆತ್ತಗಾಗಿ ಕೇಳಿದರು.

"ನೀನು ಎದುರಿಗೇ ಇದ್ಯಲ್ಲಮ್ಮಾ. ನಾನು ತೆರೆದು ನೋಡಿದೆ ಅಲ್ವಾ? ನೋಡೇ ತಾನೆ ಕೇಳಿದ್ದು?"

ಅತ್ತೆ ಅವರ ಬೆನ್ನ ಹಿಂದೆ ನಿಂತು ಹೂಂ ಅನ್ನು ಎಂದು ಕತ್ತು ಆಡಿಸುತ್ತಿದ್ದರು. ಟವೆಲು ಸುತ್ತಿಕೊಂಡು ಬಂದಿದ್ದ ನನ್ನ ಗಂಡನೂ ಆಡಿಸಿದ, ಏನು ನಡೆದಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೂಂ ಅಂದುಬಿಟ್ಟರೆ ಮಾವನ ಮುಖ ಉಳಿಯುತ್ತದೆ, ರಿವಾಲ್ವರೂ ಉಳಿಯುತ್ತದೆ. ಮಾವನೆಂದರೆ ನನಗೆ ಇಷ್ಟ. ನನ್ನ ಪಾರ್ಲರಿಗೆ ಮೊದಲ ಬೋರ್ಡು ಬರೆದವರು, ಅಕ್ಷರ ತಪ್ಪಾಗಿ ಬರೆದವರು, ಇವರೇ. ಹತ್ತಿಯ ಉಂಡೆಗಳನ್ನು ಬದಿಗೆ ಸರಿಸಿದೆ.

"ಇಲ್ಲ ಮಾವ. ನೀವು ನೋಡ್ಲಿಲ್ಲ" ಅಂದೆ.

ಮಾವ ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹಿಂದಕ್ಕೆ ತಿರುಗಿ ಅತ್ತೆಯನ್ನು ಕೇಳಿದರು, "ಮತ್ತೆ ನೀನ್ಯಾಕೆ ಸುಮ್ನೆ ಬೈಸ್ಕೊಂಡೆ?"

"ನಿಮಗೆ ಬೈಯೋದು ಒಂದಾದ್ರೂ ನೆನಪಿದೆಯಲ್ಲ ಅಂತ ಖುಷಿಯಾಯ್ತು" ಅಂದರು ಅತ್ತೆ. ಧ್ವನಿ ಮಾತ್ರ ತಮಾಷೆಯದಾಗಿರಲಿಲ್ಲ.

ಅವತ್ತು ಮಾವ ಉಜ್ಜುವುದನ್ನು ಬಿಡಲಿಲ್ಲ. ಸಂಜೆಯವರೆಗೆ ಕೂತು, ಹಿಡಿಯ ಗೀರುಗಳ ಸಂದಿಯವರೆಗೂ ಎಣ್ಣೆಯಿಳಿಸಿ ಒರೆಸಿದರು. ಉಳಿದ ತೋಟೆಗಳ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟರು.

ಸೋಮವಾರ ಮಾವ, ಅತ್ತೆ, ನಾನು ಮೂವರೂ ಠಾಣೆಗೆ ಹೋದೆವು. ಮೇಜಿನ ಹಿಂದಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು. ಉರುಳೆ ತೆರೆದು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿದ, ಮೂಸಿಯೂ ನೋಡಿದ.

"ಹೊಸದರ ಹಾಗೆ ಇಟ್ಟಿದೀರಲ್ಲ ಸರ್" ಅಂದ. "ನವೀಕರಣ ತಾನೆ?"

"ಅಲ್ಲ. ಒಪ್ಪಿಸ್ತಿದೀನಿ."

"ಯಾಕ್ ಸರ್, ಏನಾದ್ರೂ ಕೆಟ್ಟಿದೆಯಾ?"

ಮಾವ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಕೈದಿಗಳ ಹಾಜರಿ ಕೂಗುತ್ತಿದ್ದ ಅದೇ ದೊಡ್ಡ ಗಂಟಲಿನಲ್ಲಿ, ಠಾಣೆಯಲ್ಲಿ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು, "ಅದು ಚೆನ್ನಾಗೇ ಇದೆ. ಕೆಟ್ಟಿರೋದು ನಾನು."

ಹುಡುಗ ಪೆನ್ನು ಹಿಡಿದುಕೊಂಡು ನಮ್ಮ ಮುಖ ನೋಡಿದ.

ಅತ್ತೆ ಮುಂದೆ ಬಂದು ಮೇಜಿನ ಮೇಲೆ ಕೈಯೂರಿದರು. "ಪೂರ್ತಿ ಕೆಟ್ಟಿಲ್ಲಪ್ಪ," ಅಂದರು, "ಇವರನ್ನ ನಾನೇ ಮನೆಗೆ ವಾಪಸ್ ಕರ್ಕೊಂಡು ಹೋಗ್ತೀನಿ. ನೀನು ಅದೊಂದನ್ನ ಇಟ್ಕೋ."