‘ಮುಂದಿನವರು’ ಬಟನ್

ಆಫೀಸಿನಲ್ಲಿ ನನ್ನನ್ನು ಎಲ್ಲರೂ ರಿಫ್ರೆಶ್ ಅಕ್ಕ ಎನ್ನುತ್ತಿದ್ದರು. ಹೆಸರಿಟ್ಟವಳು ನನ್ನ ತಂಗಿಯೇ. ಹದಿನೈದು ವರ್ಷ ಅಡುಗೆಮನೆಯಲ್ಲಿ ಕಳೆದು ಮತ್ತೆ ಕಂಪ್ಯೂಟರ್ ಮುಂದೆ ಕೂತ ಮೊದಲ ವಾರ, ಏನು ಅಡ್ಡಿಯಾದರೂ “ರಿಫ್ರೆಶ್ ಮಾಡ್ಲಾ?” ಎಂದು ಕೇಳುತ್ತಿದ್ದೆನಂತೆ. ತಂಗಿ ನಮ್ಮ ತಂಡದ ಮುಖ್ಯಸ್ಥೆ. ಗಂಡನ ಮನೆ ಬಿಟ್ಟು ಬಂದ ನನಗೆ ತನ್ನ ಮನೆಯ ಸಾಮಾನಿನ ಕೋಣೆಯನ್ನೂ ಆಫೀಸಿನ ಮೂಲೆಯ ಕುರ್ಚಿಯನ್ನೂ ಕೊಟ್ಟವಳು. ಎರಡನ್ನೂ ನಾನು ಮರೆಯದಂತೆ ನೋಡಿಕೊಂಡವಳು.

ನನ್ನ ಆರು ತಿಂಗಳ ಪರೀಕ್ಷಾ ಅವಧಿ ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಕೆಲಸ ಕಾಯಂ ಎಂಬ ಪತ್ರಕ್ಕೆ ತಂಗಿ ಸಹಿ ಹಾಕಿದರೆ, ಎರಡು ಬೀದಿ ಆಚೆ ನೋಡಿಟ್ಟಿದ್ದ ಒಂಟಿ ಕೋಣೆ ನನ್ನದು. “ಪತ್ರ ತನ್ನಿ, ಬೀಗದಕೈ ತಗೊಳ್ಳಿ” ಎಂದಿದ್ದಳು ಮನೆಯೊಡತಿ. ಕಿಟಕಿಗೆ ಎಷ್ಟು ಅಗಲದ ಪರದೆ ಬೇಕೆಂದು ಗೇಣು ಹಾಕಿ ಅಳೆದೂ ಬಂದಿದ್ದೆ.

ನಾವು ಮಾಡುತ್ತಿದ್ದುದು ಒಂದು ರಕ್ತಪರೀಕ್ಷೆ ಲ್ಯಾಬಿನ ವೆಬ್ ಅಪ್ಲಿಕೇಶನ್. ಎಲ್ಲ ಒಂದೇ ಪುಟದಲ್ಲಿ. ಒಮ್ಮೆ ತೆರೆದರೆ ಮತ್ತೆ ಪೂರ್ತಿ ಲೋಡ್ ಆಗುವುದಿಲ್ಲ, ಒಳಗಿನ ತುಂಡುಗಳಷ್ಟೇ ಬದಲಾಗುತ್ತವೆ. ಪ್ರಯೋಗಕ್ಕೆಂದು ಕೊಟ್ಟಿದ್ದನ್ನು ಅವರು ಹೇಗೆ ಬಳಸುತ್ತಾರೆಂದು ನೋಡಲು ಎರಡು ದಿನ ಲ್ಯಾಬಿನ ಕೌಂಟರಿನಲ್ಲಿ ಕೂತೆ. ಅಲ್ಲಿನ ಹುಡುಗಿ ಹೆಸರುಗಳ ಪಟ್ಟಿಗೆ ವಾಪಸ್ ಹೋಗುವುದೇ ಇಲ್ಲ. ‘ಮುಂದಿನವರು’ ಬಟನ್ ಒತ್ತುತ್ತ ಸಾಗುತ್ತಾಳೆ. ಹಾಗೆ ಒತ್ತಿದಾಗ ಪುಟದ ವಿಳಾಸ ಬದಲಾಗುತ್ತಿತ್ತು, ರೋಗಿಯ ಹೆಸರು ಬದಲಾಗುತ್ತಿತ್ತು, ಕೆಳಗಿನ ವರದಿ ಮಾತ್ರ ಹಿಂದಿನವರದ್ದೇ ಕೂತಿರುತ್ತಿತ್ತು. ನಮ್ಮ ಆಫೀಸಿನಲ್ಲಿ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ನಾವು ಕೋಡಿನಲ್ಲಿ ಒಂದಕ್ಷರ ತಿದ್ದಿದರೂ ಪುಟ ತಾನಾಗಿ ಹೊಸದಾಗಿ ಲೋಡ್ ಆಗುತ್ತದೆ. ನೋಡುವುದೂ ಪಟ್ಟಿಯಿಂದ ಆರಿಸಿದ ಒಬ್ಬರನ್ನಷ್ಟೇ.

ವಿಳಾಸದಲ್ಲಿರುವ ರೋಗಿಯ ಸಂಖ್ಯೆ ಬದಲಾದೊಡನೆ ವರದಿಯನ್ನೂ ಹೊಸದಾಗಿ ತರುವಂತೆ ಒಂದು ಸಾಲು ಬರೆದೆ. ಸರಿಹೋಯಿತು. ಆದರೆ ಆ ಭಾಗ ತಂಗಿಯದು. ಅವಳು ಒಪ್ಪದೆ ಸೇರಿಸುವಂತಿರಲಿಲ್ಲ. ಮಂಗಳವಾರ ಹೋಗಿ ಹೇಳಿದೆ.

“ನಂಗೇ ಪಾಠ ಹೇಳ್ಕೊಡ್ತೀಯೇನಕ್ಕಾ?” ಎಂದಳು, ಎಲ್ಲರಿಗೂ ಕೇಳುವಂತೆ. “ನಾನು ಬರ್ದಿದ್ರಲ್ಲಿ ತಪ್ಪಿಲ್ಲ. ನಿಂಗೊಂದು ಮಂತ್ರ ಗೊತ್ತಲ್ಲ, ಅದನ್ನೇ ಹಾಕು.”

“ರಿಫ್ರೆಶ್!” ಎಂದು ಪಕ್ಕದ ಸಾಲಿನಿಂದ ಯಾರೋ ಕೂಗಿದರು. ಎಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತಿದ್ದಳು ತಂಗಿ.

“ಒಂದ್ಸಲ ನೀನೇ ಒತ್ತಿ ನೋಡೇ.”

“ಶುಕ್ರವಾರ ಕಳೀಲಿ ಬಿಡು.”

ಶುಕ್ರವಾರ ಲ್ಯಾಬಿನ ಒಡತಿ, ವಯಸ್ಸಾದ ಡಾಕ್ಟರು, ಕೆಲಸ ನೋಡಲು ಬಂದರು. ತಂಗಿ ಪಟ್ಟಿಯಿಂದ ಒಬ್ಬೊಬ್ಬರನ್ನೇ ತೆರೆದು ತೋರಿಸಿದಳು. ಎಲ್ಲ ನೀರು ಕುಡಿದಷ್ಟು ಸಲೀಸು. “ಕೊಡಮ್ಮ ಇಲ್ಲಿ,” ಎಂದು ಡಾಕ್ಟರು ಮೌಸ್ ತೆಗೆದುಕೊಂಡು ‘ಮುಂದಿನವರು’ ಒತ್ತಿದರು. ಕನ್ನಡಕ ಸರಿಮಾಡಿಕೊಂಡರು.

“ಏನಮ್ಮಾ, ಎಂಬತ್ತರ ಈ ಯಜಮಾನ್ರು ಐದು ತಿಂಗಳ ಬಸುರಾ?”

ಯಾರೂ ನಗಲಿಲ್ಲ. ತಂಗಿಯ ಬೆರಳು ಥಟ್ಟನೆ ರಿಫ್ರೆಶ್ ಕೀ ಒತ್ತಿತು. ಮುದುಕರ ವರದಿ ಬಂತು. ಆ ಬೆರಳು ಹುಡುಕಲಿಲ್ಲ, ತಡವರಿಸಲಿಲ್ಲ. ಮಂಗಳವಾರದ ನಂತರ ಅವಳು ಯಾವಾಗಲೋ ಒಬ್ಬಳೇ ಕೂತು ಒತ್ತಿ ನೋಡಿದ್ದಳು.

“ಈ ಭಾಗ ನಮ್ಮಕ್ಕಂದು ಡಾಕ್ಟ್ರೇ,” ಎಂದಳು. “ಹೊಸಬ್ರು. ಪಾಪ, ಕಷ್ಟದಲ್ಲಿದ್ರು ಅಂತ ಸೇರಿಸ್ಕೊಂಡೆ.”

“ಹೌದೇನಮ್ಮಾ?”

ಯಾವ ಸಾಲನ್ನು ಯಾರು, ಯಾವತ್ತು ಬರೆದರೆಂಬ ದಾಖಲೆ ಅದೇ ಕಂಪ್ಯೂಟರಿನಲ್ಲಿತ್ತು. ತೆರೆಯಲು ಅರ್ಧ ನಿಮಿಷ ಸಾಕಿತ್ತು. ಆದರೆ ಪತ್ರಕ್ಕೆ ಸಹಿ ಹಾಕಬೇಕಾದವಳು ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ಈ ತಪ್ಪನ್ನು ಹೊತ್ತರೆ ಆ ಸಹಿ ಬೀಳುತ್ತದೆ ಅಂದುಕೊಂಡೆ.

“ಹೌದು,” ಎಂದೆ.

“ಒಬ್ಬರ ವರದಿ ಇನ್ನೊಬ್ಬರ ಕೈಗೆ ಹೋದ್ರೆ ಏನಾಗುತ್ತೆ ಅಂತ ಗೊತ್ತಾ ನಿಮ್ಗೆ? ಇವರು ನನ್ನ ಕೆಲಸದಲ್ಲಿರೋದು ಬೇಡ.”

“ಆಯ್ತು ಡಾಕ್ಟ್ರೇ, ಇವತ್ತಿಗೇ ಕೊನೆ,” ಎಂದಳು ತಂಗಿ. ಉಸಿರು ತೆಗೆದುಕೊಳ್ಳುವಷ್ಟೂ ಯೋಚಿಸಲಿಲ್ಲ.

ಡಾಕ್ಟರು ಹೋದ ಮೇಲೆ ನನ್ನ ಕುರ್ಚಿಯ ಹತ್ತಿರ ಬಂದಳು.

“ಆ ಸಾಲು ಕೊಡು.”

“ಪತ್ರ?”

“ಕೇಳಿಸ್ಕೊಂಡ್ಯಲ್ಲ. ಇನ್ನು ನನ್ನ ಕೈಲೇನಿದೆ?”

ಅಳಿಸಿಬಿಡಬಹುದಿತ್ತು. ಬೆರಳು ಅಳಿಸುವ ಕೀ ಮೇಲೆ ಸ್ವಲ್ಪ ಹೊತ್ತು ಇತ್ತು ಕೂಡ. ಆದರೆ ಕೌಂಟರಿನ ಹುಡುಗಿ ಒತ್ತುತ್ತಲೇ ಇರುತ್ತಾಳೆ. ಯಾರದೋ ಕಾಯಿಲೆಯ ಕಾಗದವನ್ನು ಇನ್ಯಾರೋ ಮಡಿಸಿಕೊಂಡು ಮನೆಗೆ ಒಯ್ಯುತ್ತಾರೆ. ಕೊಟ್ಟೆ. ತಂಗಿ ಅದನ್ನು ತನ್ನ ಹೆಸರಿನಲ್ಲಿ ಸೇರಿಸಿ, ಕುರ್ಚಿ ತಿರುಗಿಸಿ ಕೂಗಿದಳು: “ನೋಡ್ರಪ್ಪಾ, ಒಂದೇ ಸಾಲು! ಅಕ್ಕ ಆರು ತಿಂಗಳು ಒದ್ದಾಡಿದ್ದು.” ಮತ್ತೆ ನಗು. ಈ ಸಲ ನಾನು ನಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಸಂಜೆ ಹೋಗಬೇಕಾದದ್ದು ಅದೇ ಮನೆಗೆ. ಊಟಕ್ಕೆ ಕೂತಾಗ ತಂಗಿಯ ದನಿ ಮೆತ್ತಗಿತ್ತು.

“ಬೇಜಾರು ಮಾಡ್ಕೋಬೇಡಕ್ಕಾ. ಹೇಗೂ ಮನೇಲೇ ಇರ್ತೀಯಲ್ಲ, ನಾಳೆಯಿಂದ ಬರೋದು ಬೇಡ ಅಂತ ಕೆಲಸದವಳಿಗೆ ಹೇಳ್ಬಿಟ್ಟಿದೀನಿ.”

“ಯಾವಾಗ ಹೇಳ್ದೆ?”

“ಬುಧವಾರಾನೇ,” ಎಂದಳು. ಅಂದ ಮೇಲೆ ಅವಳ ಕೈ ಒಂದು ಕ್ಷಣ ತಟ್ಟೆಯಲ್ಲೇ ನಿಂತಿತು. ಆಮೇಲೆ ಕೊನೆಯ ತುತ್ತನ್ನು ಬಳಿದು ತಿಂದು, ಎಂಜಲು ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.