ಬಲಕ್ಕೆ ಮೂರು ಸುತ್ತು

ನನ್ನ ಮಾವ ಶ್ಯಾಮಣ್ಣನವರ ಕಿವಿ ಬಲು ಚುರುಕು. ಅಕ್ಕಪಕ್ಕದ ತೋಟದಲ್ಲಿ ಬೋರಿನ ಮೋಟರು ಶುರುವಾದರೆ ಮಲಗಿದ್ದಲ್ಲಿಂದಲೇ ಅದು ಯಾರ ಮೋಟರೆಂದು ಹೇಳುತ್ತಾರೆ. ಅಡುಗೆಮನೆಯಲ್ಲಿ ನಾನು ಗೊಣಗಿದ್ದಂತೂ ಒಂದಕ್ಷರ ತಪ್ಪದೆ ಕೇಳಿಸುತ್ತದೆ. ಕೇಳಿಸದೇ ಹೋದದ್ದು ಒಂದೇ ಒಂದು, ಅವರದೇ ಹದಿನೈದು ವರ್ಷದ ಬಿಳಿ ಕಾರಿನ ಸದ್ದು.

ಬಾಗಲೂರಿನ ಪಕ್ಕದ ನಮ್ಮೂರಿಂದ ಹೊಸೂರಿನ ಫ್ಯಾಕ್ಟರಿಗೆ ನಾನು ದಿನಾ ಅದೇ ಕಾರಿನಲ್ಲಿ ಹೋಗುತ್ತಿದ್ದೆ. 2006ನೇ ಇಸವಿ. ಆಗಷ್ಟೇ ನನ್ನನ್ನು ಬೆಳಗಿನ ಆರು ಗಂಟೆಯ ಶಿಫ್ಟಿಗೆ ಸೂಪರ್‌ವೈಸರ್ ಮಾಡಿದ್ದರು. ಅಷ್ಟು ಹೊತ್ತಿಗೆ ನಮ್ಮೂರಿಗೆ ಬಸ್ಸಿಲ್ಲ. ಗಂಡ ಲಕ್ಷ್ಮೀಪತಿಗೆ ಕೃಷ್ಣಗಿರಿಯಲ್ಲಿ ಕೆಲಸ, ಬರುವುದು ವಾರಕ್ಕೊಮ್ಮೆ. ಕಾರಿಲ್ಲದಿದ್ದರೆ ಆ ಶಿಫ್ಟಿಲ್ಲ, ಶಿಫ್ಟಿಲ್ಲದಿದ್ದರೆ ಹತ್ತು ವರ್ಷ ದುಡಿದು ಸಿಕ್ಕ ಆ ಕುರ್ಚಿಯೂ ಇಲ್ಲ.

ಅಂಥ ಹೊತ್ತಿನಲ್ಲೇ ಕಾರು ಕೈಕೊಡಲು ಶುರುಮಾಡಿತು. ಫ್ಯಾಕ್ಟರಿ ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಟಕ್. ಏರಿನಲ್ಲಿ ಜೋರಾಗಿ ಒತ್ತಿದರೆ ಸೀಟೆಲ್ಲ ಗಡಗಡ ನಡುಕ. ಮಾವನಿಗೆ ಹೇಳಿದೆ. ಅವರು ಕಾರು ತೆಗೆದುಕೊಂಡು ಹೋಗಿ ಹತ್ತು ನಿಮಿಷಕ್ಕೆ ವಾಪಸು ಬಂದರು.

"ಏನೂ ಇಲ್ವಲ್ಲಮ್ಮ. ಬೆಣ್ಣೆ ಹಂಗೆ ಓಡ್ತದೆ."

ಓಡದೆ ಏನು? ಮಾವ ಎರಡನೇ ಗೇರು ದಾಟಿದವರಲ್ಲ. ಮೆಕ್ಯಾನಿಕ್ ಮುನಿಯಪ್ಪನನ್ನೂ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಬಂದರು. ಅವನೂ ತನ್ನ ಅರೆತಮಿಳಿನಲ್ಲಿ "ವಂಡಿ ನಲ್ಲಾ ಐತಕ್ಕಾ", ಗಾಡಿ ಚೆನ್ನಾಗಿಯೇ ಇದೆ, ಅಂದುಬಿಟ್ಟ. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಮಾವ ತೀರ್ಪು ಕೊಟ್ಟರು.

"ನಾನ್ ಓಡ್ಸುದ್ರೆ ಬರ್ದಿರೋ ಸದ್ದು ನೀನ್ ಓಡ್ಸುದ್ರೆ ಬತ್ತದೆ ಅಂದ್ರೆ, ಅದು ಕಾರಿಂದಲ್ಲ, ನಿನ್ ಕೈದು. ಸೋಮ್ವಾರದಿಂದ ಕೀ ನನ್ ತಾವೇ ಇರ್ಲಿ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. ಭಾನುವಾರ ಬೆಳಿಗ್ಗೆ "ನನ್ನ ಕಣ್ಣೆದುರಿಗೇ ಓಡಿಸಿ ತೋರಿಸಿ ಮಾವ" ಎಂದು ಅವರ ಹಿಂದೆಯೇ ಹೋದೆ.

ನಮ್ಮೂರಲ್ಲಿ ಕಾರು ತಿರುಗಿಸಿ ನೋಡುವಷ್ಟು ಬಯಲಿರುವುದು ಮುನೇಶ್ವರನ ಬೇವಿನ ಮರದ ಸುತ್ತ ಮಾತ್ರ. ಅದರಾಚೆ ಎಲ್ಲಾ ಕಡೆ ಕೋಸು, ಟೊಮೇಟೊ. ಮುನಿಯಪ್ಪನ ಶೆಡ್ಡೂ ಅಲ್ಲೇ. ಮಾವ ಮರದ ಸುತ್ತ ನಿಧಾನವಾಗಿ ಮೂರು ಸುತ್ತು ಹಾಕಿದರು. ಸದ್ದಿಲ್ಲ. ಪ್ರತಿ ಸುತ್ತಿಗೂ ಒಂದು ಕೈ ಬಿಟ್ಟು ದೇವರಿಗೆ ನಮಸ್ಕಾರ ಬೇರೆ.

ಆ ನಮಸ್ಕಾರ ನೋಡಿದಾಗಲೇ ನನಗೆ ಹೊಳೆದದ್ದು. ಅಯ್ಯೋ, ನಾನೆಂಥ ಪೆದ್ದಿ! ಇವರು ಕಾರು ಪರೀಕ್ಷೆ ಮಾಡುತ್ತಿಲ್ಲ, ಪ್ರದಕ್ಷಿಣೆ ಹಾಕುತ್ತಿದ್ದಾರೆ. ಮೂರು ಸುತ್ತೂ ಬಲಕ್ಕೆ. ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ತಿರುಗುವುದು ಎಡಕ್ಕೆ.

"ಮಾವ, ಎಡಕ್ಕೆ ಒಂದು ಸುತ್ತು ಹೊಡೀರಿ."

ಮಾವ ಬ್ರೇಕು ಹಾಕಿ ನನ್ನ ಮುಖ ನೋಡಿದರು. "ಏನಮ್ಮಾ ನೀನು! ಮುನೇಶ್ವರಂಗೆ ಎಡ ಸುತ್ತು ಬರಾದಾ? ನಿಮ್ಮತ್ತೆಗೆ ಗೊತ್ತಾದ್ರೆ ನಂಗೆ ಹಿಟ್ಟು ಇಕ್ಕಲ್ಲ."

"ನನ್ ಶೆಡ್ ಮುಂದೆ ಬ್ಯಾಡಕ್ಕಾ," ಎಂದು ಮುನಿಯಪ್ಪನೂ ಕೈಮುಗಿದ. ಹದಿನೆಂಟು ವರ್ಷದಿಂದ ಗಾಡಿ ರಿಪೇರಿ ಮಾಡುವವನು, ಒಂದು ಗಾಡಿಯನ್ನೂ ಇಲ್ಲಿ ಎಡಕ್ಕೆ ತಿರುಗಿಸಿ ನೋಡಿಲ್ಲವಂತೆ! ಇವರಿಬ್ಬರ ಭಕ್ತಿಗೆ ನನ್ನ ಕೆಲಸ ಹೋಗಬೇಕೆ ಎಂದು ಮೈ ಉರಿಯಿತು. ಆದರೆ ದಿನಾ ಪಾರ್ಕಿಂಗಿನಿಂದ ಹಿಂದಕ್ಕೆ ತೆಗೆದು ತೆಗೆದು ನನಗೂ ಒಂದು ವಿದ್ಯೆ ಬಂದಿತ್ತು.

"ಸರಿ ಮಾವ, ಬಲಕ್ಕೇ ಸುತ್ತೋಣ. ಆದರೆ ಹಿಂದುಹಿಂದಕ್ಕೆ. ನಾನು ಓಡಿಸ್ತೀನಿ."

"ಆಗ ದೇವ್ರು ಎಡಗಡೆಗೆ ಬರಲ್ವಾ?"

"ನೀವು ಹಿಂದಿನ ಸೀಟಲ್ಲಿ ಹಿಂದಕ್ಕೆ ಮುಖ ಮಾಡಿ ಕೂತುಕೊಳ್ಳಿ. ನಿಮ್ಮ ಬಲಗಡೆಗೇ ಇರ್ತಾನೆ."

ಮಾವ ನೆಲದ ಮೇಲೆ ಕಡ್ಡಿಯಲ್ಲಿ ಗೀರಿ, ಮರ, ಕಾರು, ತಾವು ಎಂದು ಮೂರು ಕಲ್ಲಿಟ್ಟು ಲೆಕ್ಕ ಹಾಕಿದರು. ತಪ್ಪು ಸಿಗಲಿಲ್ಲ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಮುಖ ಮಾಡಿ ಕೈಮುಗಿದು ಕೂತರು. ನಾನು ಸ್ಟೇರಿಂಗನ್ನು ಫ್ಯಾಕ್ಟರಿ ಗೇಟಿನಲ್ಲಿ ತಿರುಗಿಸುವ ಹಾಗೆಯೇ ಪೂರ್ತಿ ಎಡಕ್ಕೆ ಎಳೆದು ರಿವರ್ಸ್ ಗೇರು ಹಾಕಿದೆ. ಕಾರು ಹಿಂದುಹಿಂದಕ್ಕೆ, ಪ್ರದಕ್ಷಿಣೆಯ ದಾರಿಯಲ್ಲೇ ಹೊರಟಿತು.

ಟಕ್ ಟಕ್ ಟಕ್ ಟಕ್.

ಪಕ್ಕದಲ್ಲೇ ನಡೆದು ಬರುತ್ತಿದ್ದ ಮುನಿಯಪ್ಪ ಬಲಗಡೆಯ ಮುಂದಿನ ಚಕ್ರದತ್ತ ಬಗ್ಗಿ ಕಿವಿಗೊಟ್ಟ. "ನಿಲ್ಸಕ್ಕಾ, ನಿಲ್ಸು! ಸಿಕ್ತು!"

ಜಾಕಿ ಕೊಟ್ಟು ಚಕ್ರ ಬಿಚ್ಚಿದ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ತುದಿಯ ರಬ್ಬರ್ ಹೊದಿಕೆ ಸೀಳಿಹೋಗಿತ್ತು. ಗ್ರೀಸೆಲ್ಲ ಚಕ್ರದ ಒಳಗೆ ಸಿಡಿದಿತ್ತು, ಜಾಯಿಂಟಿನ ತುಂಬ ಕೆಂಪು ಮಣ್ಣು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಒಳಗಿನ ತುದಿಯೂ ಲೊಡಲೊಡ.

"ಹೊರಗಿನ ಜಾಯಿಂಟಿಂದ ಸದ್ದು, ಒಳಗಿನ ಜಾಯಿಂಟಿಂದ ನಡುಕ. ಎಡಕ್ಕೆ ತಿರುಗುದ್ರೆ ಬಾರ ಬೀಳೋದು ಬಲಗಡೆ ಚಕ್ರದ ಮೇಲೆ, ಅದ್ಕೇ ಬಲಕ್ಕೆ ಸುತ್ತುದ್ರೆ ಗೊತ್ತಾಗ್ಲಿಲ್ಲ," ಅಂದ ಮುನಿಯಪ್ಪ. ಆಮೇಲೆ ತಲೆ ಕೆರೆದುಕೊಂಡು, "ಮೊದ್ಲೇ ಚಕ್ರ ಬಿಚ್ಚಬೇಕಿತ್ತು. ತಪ್ಪು ನಂದೇ ಅಕ್ಕಾ," ಅಂದ.

ಮಾವ ಇನ್ನೂ ಹಿಂದಿನ ಸೀಟಿನಲ್ಲೇ ಮಂಡಿಯೂರಿದ್ದರು.

"ಇಳೀರಿ ಮಾವ, ಪ್ರದಕ್ಷಿಣೆ ಮುಗೀತು, ದೇವರೂ ಎದ್ದು ಹೋದ," ಅಂದೆ. ಅಷ್ಟನ್ನಾದರೂ ಅನ್ನದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಸಂಜೆಯೊಳಗೆ ಮುನಿಯಪ್ಪ ಹೊಸೂರಿನಿಂದ ಬೇರೆ ಶಾಫ್ಟ್ ತಂದು ಹಾಕಿದ. ಸೋಮವಾರ ಬೆಳಿಗ್ಗೆ ಐದು ಗಂಟೆಗೆ ನಾನು ಹೊರಗೆ ಬಂದರೆ ಮಾವ ಕಾರಿನ ಗಾಜು ಒರೆಸುತ್ತಾ ನಿಂತಿದ್ದರು. ಕೀಯನ್ನು ನನ್ನ ಕೈಗೆ ಕೊಟ್ಟರು. ಮುಖ ಮಾತ್ರ ಬೇರೆ ಕಡೆಗಿತ್ತು.

"ಗೇಟ್ ತಾವ ಕಿವಿಗೊಟ್ಟು ಕೇಳಮ್ಮ. ಸದ್ದು ಬಂದ್ರೆ ಬಂದ್ ಹೇಳು."

"ನೀವು ಓಡಿಸಿ ನೋಡ್ತೀರಾ?"

"ಇಲ್ಲ ಕಣಮ್ಮ. ನೀನ್ ಹೇಳುದ್ರೆ ಸಾಕು."

ನನ್ನ ಕಣ್ಣು ತುಂಬಿತು. ಅದನ್ನು ಅವರು ನೋಡುವ ಮೊದಲೇ ಕಾರು ಹತ್ತಿ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹೊರಟೆ.