ಆ-ಲುವಾನ್‌ಳ ಹೆಸರು

ನನ್ನ ಗಂಡ ಶಾವೋತಾಂಗ್‌ನನ್ನು ಕಂಡರೆ ನನಗೆ ಅಸಹ್ಯ. ಮೊದಲಿನಿಂದ ಹಾಗಿರಲಿಲ್ಲ, ಸತ್ತವರ ಗೋರಿಗೆ ಹೋಗಿ ಎಡೆಯಿಡುವ ಆ ಚಿಂಗ್‌ಮಿಂಗ್ ಹಬ್ಬದ ಹಿಂದಿನ ದಿನದಿಂದ. ಹಳೆಯ ಗೋರಿಕಲ್ಲುಗಳಿಗೆ ಒದ್ದೆ ಕಾಗದ ಅಂಟಿಸಿ, ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ತಟ್ಟಿ, ಅಕ್ಷರಗಳ ಅಚ್ಚು ತೆಗೆದು ಪೇಕಿಂಗಿನ ಅಂಗಡಿಗೆ ಮಾರುವುದು ಅವನ ಕಸುಬು. ಲೊಯಾಂಗ್‌ನ ದಿಬ್ಬಗಳಲ್ಲಿ ಅಂಥ ಕಲ್ಲುಗಳಿಗೇನೂ ಬರವಿರಲಿಲ್ಲ.

ಗೇಂಗ್ ಅಜ್ಜಿಯ ಗೋಧಿ ಹೊಲದ ಬದುವಿನಲ್ಲಿ ಸೊಂಟದೆತ್ತರದ ಒಂದು ಕಲ್ಲಿತ್ತು. ಸಾವಿರ ವರ್ಷದ ಹಿಂದೆ, ತಾಂಗ್ ದೊರೆಗಳ ಕಾಲದಲ್ಲಿ, ಸಣ್ಣವಳಾಗಿದ್ದಾಗಲೇ ತೀರಿಕೊಂಡ, ಅವರದೇ ಮನೆತನದ ಆ-ಲುವಾನ್ ಎಂಬ ಹುಡುಗಿಯದು. ಅಜ್ಜಿಗೆ ಓದು ಬಾರದು, ಹೆಸರಿರುವ ಜಾಗ ಮಾತ್ರ ಗೊತ್ತು. ಪ್ರತಿ ಹಬ್ಬಕ್ಕೂ ಅಲ್ಲಿ ಬೆರಳಿಟ್ಟು ಮಗುವನ್ನು ಕರೆದು, ಅದಕ್ಕೆಂದು ಕಾಗದದ ಬಟ್ಟೆ ಸುಡುತ್ತಿದ್ದಳು. ಹೆಸರು ಹಿಡಿದು ಸುಟ್ಟದ್ದು ಸತ್ತವರಿಗೆ ಮುಟ್ಟುತ್ತದೆ, ಹೆಸರಿಲ್ಲದವರಿಗೆ ಸುಟ್ಟದ್ದು ದಿಕ್ಕಿಲ್ಲದ ದೆವ್ವಗಳ ಪಾಲಾಗುತ್ತದೆ.

ಅಚ್ಚು ತೆಗೆಯಲು ಅಜ್ಜಿ ಬೇಡವೆನ್ನಲಿಲ್ಲ. ನಮ್ಮಿಬ್ಬರಿಗೂ ತನ್ನ ಮನೆಯಲ್ಲಿ ಮಲಗಲು ಜಾಗ ಕೊಟ್ಟಳು, ಹೊಲಕ್ಕೇ ಬಿಸಿ ಶಾವಿಗೆ ಕಳಿಸಿದಳು. ಮೂರು ಹಾಳೆ ಚೆನ್ನಾಗಿ ಎದ್ದವು. ಆಮೇಲೆ ಅವನು ಉಳಿ ತೆಗೆದು ಆ-ಲುವಾನ್‌ಳ ಹೆಸರಿನ ಮೇಲೆ ಟಕಟಕ ಹೊಡೆದ.

“ಏನ್ರೀ ಇದು, ತಲೆ ಕೆಟ್ಟಿದ್ಯಾ ನಿಮ್ಗೆ?”

“ಸುಮ್ನಿರೇ. ನಾಳೆ ಇನ್ನೊಬ್ಬ ಬಂದು ಅಚ್ಚು ತೆಗೆದ್ರೆ ನಮ್ಮದನ್ನ ಯಾರು ಮೂಸಿ ನೋಡ್ತಾರೆ? ಹೆಸರಿರೋ ಹಾಳೆ ಇನ್ಮೇಲೆ ಲೋಕದಲ್ಲಿ ನಮ್ಮ ಹತ್ರ ಮಾತ್ರ. ಈ ಕಸುಬಲ್ಲಿ ಎಲ್ರೂ ಮಾಡೋದು ಇದನ್ನೇ.”

ಉಳಿಯನ್ನು ಅಂಗಿಗೆ ಒರೆಸಿ, ಅಜ್ಜಿ ಕಳಿಸಿದ್ದ ಶಾವಿಗೆಯನ್ನು ಸೊರಸೊರ ಎಳೆದು ತಿಂದ. ಗಡ್ಡಕ್ಕೆ ಸಾರು, ಸಾರಿನಲ್ಲಿ ಕಲ್ಲಿನ ಪುಡಿ. ನಾನು ನನ್ನ ಬಟ್ಟಲನ್ನು ಪಕ್ಕಕ್ಕೆ ತಳ್ಳಿದೆ.

ಮರುದಿನ ಹಬ್ಬಕ್ಕೆ ಅಜ್ಜಿ ಬಂದು, ಕಾಗದದ ಬಟ್ಟೆಗೆ ಬೆಂಕಿ ಹಚ್ಚಿ, ಎಂದಿನಂತೆ ಹೆಸರಿನ ಜಾಗದಲ್ಲಿ ಬೆರಳಿಟ್ಟಳು. “ಇಲ್ಲೇನೋ ಗುಳಿ ಬಿದ್ದಿದೆಯಲ್ಲ ಮಗಳೇ?”

“ಚಳಿಗೆ ಕಲ್ಲು ಸಿಡಿದಿದೆ ಅಜ್ಜಿ,” ಅಂದ ಇವನು, ಕಣ್ಣು ಸಹ ಮಿಟುಕಿಸದೆ.

“ಸುಳ್ಳು ಅಜ್ಜಿ. ಉಳಿ ತಗೊಂಡು ಇವ್ರೇ ಒಡೆದಿದ್ದು,” ಅಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿ, ಮಾನಗೆಟ್ಟವನು, ಗಾಡಿಗೆ ಕತ್ತೆ ಕಟ್ಟಲು ಹೋದ. ಅಜ್ಜಿ ಆ ಗುಳಿಯೊಳಗೆ ಬೆರಳಾಡಿಸಿದಳು.

“ಹಾಗಾದ್ರೆ ಅವಳ ಹೆಸರು ಈಗ ಎಲ್ಲಿದೆ?”

ನಾನು ಅಜ್ಜಿಯ ಮನೆಯಿಂದ ಹಾಳೆಗಳನ್ನು ತಂದು ಹೆಸರು ತೋರಿಸಿದೆ. ಮೂರನ್ನೂ ಅವಳ ಕೈಗೇ ಕೊಟ್ಟೆ. ಗೋಡೆಗೆ ಅಂಟಿಸಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಒಂದೊಂದನ್ನೂ ಸವರಿ, ಮಡಿಸಿ, ಕಾಗದದ ಬಟ್ಟೆ ಉರಿಯುತ್ತಿದ್ದ ಬೆಂಕಿಗೆ ಹಾಕಿದಳು.

“ಅವಳ ಹೆಸರು ಅವಳಿಗೇ ಸೇರ್ಲಿ. ಆ ಲೋಕದಲ್ಲಿ ಯಾರಾದ್ರೂ ಕೇಳಿದ್ರೆ ಹೇಳ್ಕೊಳ್ಳೋಕೆ ಬೇಕಲ್ಲ.”

ಶಾವೋತಾಂಗ್ ಓಡಿಬಂದು ಬೆಂಕಿಗೆ ಕೈ ಹಾಕಿದ. ಸಿಕ್ಕಿದ್ದು ಕರಕಲು ಅಂಚು, ಅದರಲ್ಲಿ ಒಂದಕ್ಷರವೂ ಇರಲಿಲ್ಲ.

“ಅಜ್ಜಿ, ಒಂದಾದ್ರೂ ಉಳಿಸ್ಬಾರ್ದಿತ್ತಾ?” ಅಂತ ಅತ್ತ.

“ನೀನು ಉಳಿಸಿದ್ಯೇನಪ್ಪಾ?” ಅಂದು ಅಜ್ಜಿ ಕಡ್ಡಿಯಿಂದ ಬೂದಿ ಕೆದಕಿದಳು.